ವ್ಯವಹಾರ ಸಂಸ್ಥೆಗಳ ಸೈಬರ್ ಭದ್ರತೆಯಲ್ಲಿ ಬುದ್ಧಿವಂತ ಸ್ವಯಂಚಾಲನೆ

ಬುದ್ಧಿವಂತ ಸ್ವಯಂಚಾಲನೆ ಎಂದರೆ ನಿಯಮಗಳಿಗೆ ಅನುಸಾರವಾಗಿ ತಾನಾಗಿ ನಡೆಯುವ ತಂತ್ರಾಂಶಕ್ಕೆ ಯಂತ್ರಕಲಿಕೆಯನ್ನು ಜೋಡಿಸಿ ರೂಪಿಸಿದ ವ್ಯವಸ್ಥೆ. ಬ್ಯಾಂಕು, ಸಹಕಾರ ಸಂಘ, ಕಾರ್ಖಾನೆ, ವ್ಯಾಪಾರಿ ಸಂಸ್ಥೆ ಮುಂತಾದವುಗಳ ಗಣಕಜಾಲದ ಮೇಲೆ ನಡೆಯುವ ದಾಳಿಯನ್ನು ಗುರುತಿಸಲು ಮತ್ತು ತಡೆಯಲು ಇದನ್ನು ಬಳಸಲಾಗುತ್ತದೆ. ಪ್ರತ್ಯೇಕ ಭದ್ರತಾ ಸಿಬ್ಬಂದಿಯನ್ನು ನೇಮಿಸಿಕೊಳ್ಳಲಾಗದ ಸಣ್ಣ ಸಂಸ್ಥೆಗಳಿಗೆ ಇದರ ಅಗತ್ಯ ಹೆಚ್ಚು.

ಹಿನ್ನೆಲೆ

2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಕಳುವಾಯಿತು. ಎ.ಟಿ.ಎಂ.ಗಳಿಂದ ಬರುವ ಕೋರಿಕೆಗಳನ್ನು ಪರಿಶೀಲಿಸುವ ಗಣಕದ ಸ್ಥಾನದಲ್ಲಿ ಕಳ್ಳರು ಒಂದು ನಕಲಿ ವ್ಯವಸ್ಥೆಯನ್ನು ಕೂರಿಸಿದ್ದರು. ಅದು ಬಂದ ಕೋರಿಕೆಗಳಿಗೆಲ್ಲ ಒಪ್ಪಿಗೆ ಕೊಡುತ್ತಿತ್ತು. ಕೆಲವೇ ಗಂಟೆಗಳಲ್ಲಿ 28 ದೇಶಗಳ ಯಂತ್ರಗಳಿಂದ ಹಣ ಹೊರಹೋಯಿತು. ಅಷ್ಟು ವೇಗದ ಕಳವನ್ನು ಮನುಷ್ಯರ ಕಣ್ಣು ಮಾತ್ರ ಕಾಯಲಾರದು ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು.

ಇದು ಮಹಾನಗರಗಳಿಗೆ ಸೀಮಿತವಾದ ಸಂಗತಿಯಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಆರಂಭದಲ್ಲಿ 63,000 ಸಂಘಗಳು ಇದರ ವ್ಯಾಪ್ತಿಗೆ ಬಂದವು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಂತಹ ಕಡೆ, ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿದ್ದ ರೈತರ ಸಾಲದ ಲೆಕ್ಕ ಜಾಲಕ್ಕೆ ಸೇರುವುದೆಂದರೆ ಅದರ ಕಾವಲೂ ಬೇರೆಯಾಗಬೇಕು. ಕಬ್ಬಿಣದ ಬೀರುವಿನ ಬೀಗ ಇಲ್ಲಿ ಕೆಲಸಕ್ಕೆ ಬಾರದು.

ಕಾರ್ಯವಿಧಾನ

ಜಾಲದಲ್ಲಿರುವ ಪ್ರತಿಯೊಂದು ಗಣಕವೂ ತನ್ನಲ್ಲಿ ಯಾರು, ಯಾವಾಗ, ಎಲ್ಲಿಂದ ಪ್ರವೇಶಿಸಿದರು, ಏನನ್ನು ಬದಲಿಸಿದರು ಎಂಬುದನ್ನು ದಾಖಲಿಸುತ್ತದೆ. ಇದನ್ನು ಲಾಗ್ ಎನ್ನುತ್ತಾರೆ. ಮಧ್ಯಮ ಗಾತ್ರದ ಸಂಸ್ಥೆಯಲ್ಲಿಯೂ ದಿನಕ್ಕೆ ಲಕ್ಷಾಂತರ ಸಾಲುಗಳು ಸೇರುವುದರಿಂದ ಅವುಗಳನ್ನು ಓದುವ ಕೆಲಸ ತಂತ್ರಾಂಶದ್ದು.

ಹಳೆಯ ಪದ್ಧತಿಯಲ್ಲಿ ಸ್ಥಿರ ನಿಯಮಗಳಿದ್ದವು. 'ಒಂದು ದಿನದಲ್ಲಿ ಇಂತಿಷ್ಟು ಲಕ್ಷಕ್ಕಿಂತ ಹೆಚ್ಚು ಜಮೆಯಾದರೆ ಎಚ್ಚರಿಸು' ಎಂಬಂತಹ ನಿಯಮ ಇದಕ್ಕೆ ಉದಾಹರಣೆ. ತರೀಕೆರೆಯ ಅಡಿಕೆ ಬೆಳೆಗಾರರೊಬ್ಬರ ಖಾತೆಯನ್ನು ಊಹಿಸಿಕೊಂಡರೆ ಇದರ ದೋಷ ತಿಳಿಯುತ್ತದೆ. ವರ್ಷದ ಬಹುಭಾಗ ಆ ಖಾತೆಯಲ್ಲಿ ಅಲ್ಪಸ್ವಲ್ಪ ಹಣವಷ್ಟೇ ಓಡಾಡುತ್ತದೆ. ಅಡಿಕೆ ಮಂಡಿಗೆ ಹೋದ ವಾರ ಒಮ್ಮೆಲೇ ಲಕ್ಷಗಳು ಬರುತ್ತವೆ. ಸ್ಥಿರ ನಿಯಮವು ಈ ಪ್ರಾಮಾಣಿಕ ಖಾತೆಯನ್ನೇ ಅನುಮಾನಿಸುತ್ತದೆ. ಮಿತಿಗಿಂತ ತುಸು ಕಡಿಮೆ ಮೊತ್ತಗಳನ್ನು ಹತ್ತಾರು ಸಲ ಸಾಗಿಸುವ ವಂಚಕನನ್ನು ಬಿಟ್ಟುಬಿಡುತ್ತದೆ.

ಯಂತ್ರಕಲಿಕೆಯ ವ್ಯವಸ್ಥೆಯು ಆಯಾ ಖಾತೆಯ ವಾಡಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತದೆ. ಹಣ ಪ್ರತಿವರ್ಷ ಇದೇ ಕಾಲದಲ್ಲಿ ಇದೇ ವರ್ತಕರಿಂದ ಬರುತ್ತಿದ್ದರೆ ಅದು ಸಹಜ. ಬಂದ ಹತ್ತು ನಿಮಿಷದೊಳಗೆ ಅಪರಿಚಿತವಾದ ಐದಾರು ಖಾತೆಗಳಿಗೆ ಹಂಚಿಹೋದರೆ ಅದು ಅಸಹಜ. ಅನುಮಾನ ಬಲವಾದಾಗ ವ್ಯವಸ್ಥೆಯು ಸೋಂಕು ತಗುಲಿದ ಗಣಕವನ್ನು ಜಾಲದಿಂದ ಬೇರ್ಪಡಿಸುವುದು, ಗುಪ್ತಪದವನ್ನು ರದ್ದುಪಡಿಸುವುದು, ಪಾವತಿಯನ್ನು ತಡೆಹಿಡಿಯುವುದು ಮುಂತಾದ ಕ್ರಮಗಳನ್ನು ತಾನೇ ಕೈಗೊಳ್ಳಬಲ್ಲದು.

ಮ್ಯೂಲ್ ಹಂಟರ್

ಸೈಬರ್ ವಂಚಕರು ಕದ್ದ ಹಣವನ್ನು ಸಾಗಿಸಲು ಬೇರೆಯವರ ಹೆಸರಿನ ಖಾತೆಗಳನ್ನು ಬಳಸುತ್ತಾರೆ. ಇವುಗಳಿಗೆ ಮ್ಯೂಲ್ ಖಾತೆ, ಅಂದರೆ ಹೊರೆ ಹೊರುವ ಹೇಸರಗತ್ತೆಯಂತಹ ಖಾತೆ, ಎಂದು ಹೆಸರು. ಭಾರತೀಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ 2022ರ ಮಾರ್ಚ್ 24ರಂದು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್, ಇಂತಹ ಖಾತೆಗಳನ್ನು ಪತ್ತೆಹಚ್ಚಲು 'ಮ್ಯೂಲ್ ಹಂಟರ್ ಡಾಟ್ ಎ.ಐ.' ಎಂಬ ತಂತ್ರಾಂಶವನ್ನು ರೂಪಿಸಿತು. ರಿಸರ್ವ್ ಬ್ಯಾಂಕು 2024ರ ಡಿಸೆಂಬರ್ 6ರಂದು ಇದನ್ನು ಪ್ರಕಟಿಸಿ, ಎರಡು ದೊಡ್ಡ ಸರ್ಕಾರಿ ಬ್ಯಾಂಕುಗಳಲ್ಲಿ ನಡೆದ ಪ್ರಯೋಗವು ಆಶಾದಾಯಕವಾಗಿದೆ ಎಂದು ತಿಳಿಸಿತು.

ಸಣ್ಣ ಬ್ಯಾಂಕುಗಳು ಮತ್ತು ಹಂಚಿಕೆಯ ಸೇವೆ

ನಗರ ಸಹಕಾರಿ ಬ್ಯಾಂಕುಗಳಿಗಾಗಿ ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರಂದು ನಾಲ್ಕು ಹಂತಗಳ ಭದ್ರತಾ ಚೌಕಟ್ಟನ್ನು ಹೊರಡಿಸಿತು. ಬ್ಯಾಂಕು ನೀಡುವ ಡಿಜಿಟಲ್ ಸೇವೆ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ ಎಂಬುದು ಇದರ ತತ್ತ್ವ. ಸದಾ ನಿಗಾ ಇಡುವ ಭದ್ರತಾ ಕೇಂದ್ರವು ಮೇಲಿನ ಹಂತದ ಬ್ಯಾಂಕುಗಳಿಗೆ ಮಾತ್ರ ಅನ್ವಯಿಸುತ್ತದೆ.

ಸಣ್ಣ ಬ್ಯಾಂಕುಗಳು ಸಾಮಾನ್ಯವಾಗಿ ಒಂದೇ ಸೇವಾದಾತ ಸಂಸ್ಥೆಯನ್ನು ಹಂಚಿಕೊಳ್ಳುತ್ತವೆ. ಇದರಿಂದ ಖರ್ಚು ತಗ್ಗುತ್ತದೆ, ಆದರೆ ಅಪಾಯ ಒಂದೆಡೆ ಗುಡ್ಡೆಯಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿಯ ಪರಿಣಾಮ ಉಂಟಾದಾಗ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸೋಂಕು ಹರಡದಂತೆ ಕೈಗೊಂಡ ಈ ಕ್ರಮದಿಂದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತುಹೋಗಿ, ಆಗಸ್ಟ್ 1ರಂದು ಮರಳಿ ಆರಂಭವಾಯಿತು.

ಮಿತಿಗಳು

ಸ್ವಯಂಚಾಲನೆಯು ತನಗೆ ಕೊಟ್ಟ ಮಾಹಿತಿಯನ್ನು ನಂಬುತ್ತದೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಸಂಗ್ರಹಣಾ ಪೋರ್ಟಲ್‌ಗೆ ನುಗ್ಗಿದವರು, ಗುತ್ತಿಗೆದಾರರಿಗೆ ಮರಳಬೇಕಿದ್ದ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಿದರು. ಲೆಕ್ಕ ತಾಳೆ ನೋಡುವಾಗ ವ್ಯತ್ಯಾಸ ಕಂಡದ್ದರಿಂದ ಕಳವು ಬೆಳಕಿಗೆ ಬಂತು. ಲೆಕ್ಕ ತಾಳೆ ನೋಡುವ ಹಳೆಯ ಕ್ರಮವನ್ನು ಯಂತ್ರ ಬಂದಿತೆಂದು ಕೈಬಿಡುವಂತಿಲ್ಲ.

ಕಾವಲಿನ ತಂತ್ರಾಂಶವೇ ಕೆಡುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ತಾನಾಗಿ ರವಾನೆಯಾದ ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಸ್ಥಗಿತಗೊಂಡವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಅಂದು ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಲಾಯಿತು.

ಇನ್ನೊಂದು ತೊಡಕು ಸುಳ್ಳು ಎಚ್ಚರಿಕೆ. ನಿರಪರಾಧಿಯ ಖಾತೆ ಸ್ಥಗಿತಗೊಂಡರೆ ಕೊಯ್ಲಿನ ಆಳುಗಳಿಗೆ ಕೂಲಿ ಕೊಡಲೂ ಹಣವಿರುವುದಿಲ್ಲ. ಆದ್ದರಿಂದ ಯಾವ ಕ್ರಮವನ್ನು ಯಂತ್ರಕ್ಕೆ ಬಿಡಬೇಕು, ಯಾವುದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು, ತಪ್ಪಾದಾಗ ಗ್ರಾಹಕರು ಯಾರನ್ನು ಕೇಳಬೇಕು ಎಂಬುದನ್ನು ಸಂಸ್ಥೆಯು ಮೊದಲೇ ನಿರ್ಧರಿಸಿ ಬರೆದಿಡುವುದು ಅಗತ್ಯ.

ಕಾನೂನು ಮತ್ತು ದೂರು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕು ಮತ್ತು ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ಕರೆಮಾಡಿ ದೂರು ನೀಡಬಹುದು. ಕರೆ ಬೇಗ ಹೋದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.