ಅಜ್ಜನ ಪುಸ್ತಕಕ್ಕೆ ಹನ್ನೊಂದನೆಯ ಸಹಿ

ಅಜ್ಜ ಬರೆದ ಮಕ್ಕಳ ಕಥೆಗಳ ಪುಸ್ತಕ ಮರುಮುದ್ರಿಸಲು ಪ್ರಕಾಶಕರೊಬ್ಬರು ಮುಂದೆ ಬಂದಿದ್ದಾರೆಂದು ಊರಿನಿಂದ ಭಾವ ಫೋನ್ ಮಾಡಿದರು. ವಾರಸುದಾರರೆಲ್ಲರ ಸಹಿ ಬೇಕಂತೆ. ಲೆಕ್ಕ ಹಾಕಿದರೆ ಹನ್ನೊಂದು ಜನ. ಹತ್ತು ಸಹಿ ಬೇಗನೇ ಆದವು. ಹನ್ನೊಂದನೆಯದು ನನ್ನದು. ಪತ್ರ ಮೂರು ವಾರ ನೋಯ್ಡಾದ ನನ್ನ ಮೇಜಿನ ಮೇಲೆಯೇ ಇತ್ತು. ನಾನು ಭಾವನನ್ನು ಕೇಳಿದ ಮೊದಲ ಪ್ರಶ್ನೆ, ‘ರಾಯಲ್ಟಿ ಎಷ್ಟು?’

ಅಜ್ಜ ತೀರಿಕೊಂಡದ್ದು 1989ರಲ್ಲಿ, ನಾನು ಹುಟ್ಟುವ ಮೊದಲೇ. ಆ ಪುಸ್ತಕವನ್ನು ನಾನು ಪೂರ್ತಿ ಓದಿಯೂ ಇಲ್ಲ. ಆದರೂ ಕಾನೂನಿನ ಪ್ರಕಾರ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1992ರವರೆಗೆ ಅದು 50 ವರ್ಷವಿತ್ತು. ಅಜ್ಜನ ಕಥೆಗಳು ಎಲ್ಲರದಾಗುವುದು 2050ಕ್ಕೆ. ಅಷ್ಟರಲ್ಲಿ ನನಗೇ ಅರವತ್ತು!

ಹಕ್ಕು ರಕ್ತಸಂಬಂಧಿಗಳಿಗೇ ಹೋಗಬೇಕೆಂದೂ ಇಲ್ಲ. ಶಿವರಾಮ ಕಾರಂತರು 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಬಹುಕಾಲ ಸಹಾಯಕಿಯಾಗಿದ್ದ ಮಾಲಿನಿ ಮಲ್ಯರಿಗೆ ಕೊಟ್ಟರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಇಲ್ಲೇ ದೆಹಲಿಯಲ್ಲಿ ಕಾರಂತರ ಶೈಲಿಯ ‘ಅಭಿಮನ್ಯು ವಧೆ’ ಆಡಿಸಿದಾಗ, ಅನುಮತಿ ಪಡೆದಿಲ್ಲವೆಂದು ಮಲ್ಯರು ಕೋರ್ಟಿಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಅವರದೇ ಎಂದಿತು. ಜೊತೆಗೆ, ಹವ್ಯಾಸಿ ತಂಡಗಳು ಟಿಕೆಟ್ ಇಲ್ಲದೆ ಆಡುವುದಕ್ಕೆ ಮತ್ತು ಶಿಕ್ಷಣ ಸಂಸ್ಥೆಗಳು ತಮ್ಮ ಮಿತಿಯಲ್ಲಿ ಆಡುವುದಕ್ಕೆ ಕಾನೂನು ಕೊಟ್ಟಿರುವ ವಿನಾಯಿತಿಯನ್ನೂ ಎತ್ತಿಹಿಡಿಯಿತು.

ಇನ್ನೊಂದು ದಾರಿಯೂ ಇದೆ. ನಿರಂಜನರ ಕುಟುಂಬ 2014ರಲ್ಲಿ ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಓಪನ್ ಸೋರ್ಸ್ ಕೋಡ್ ಬಳಸಿಯೇ ಸಂಬಳ ಎಣಿಸುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಗೆಂದು ವಾರಸುದಾರರಿಗೆ ಏನೂ ಬೇಡ ಎನ್ನಲಾರೆ. ಬರಹವನ್ನೇ ನಂಬಿದ್ದವರ ಹೆಂಡತಿ, ಮಕ್ಕಳಿಗೆ ರಾಯಲ್ಟಿಯೇ ಪಿಂಚಣಿ. ಹಸ್ತಪ್ರತಿ ಜೋಪಾನ ಮಾಡುವವರೂ ಬಹುಪಾಲು ಮನೆಯವರೇ. ಆದರೆ ಹಣ ಪಡೆಯುವ ಹಕ್ಕು ಬೇರೆ, ಪುಸ್ತಕವನ್ನು ತಡೆದಿಡುವ ಹಕ್ಕು ಬೇರೆ. ಮೊದಲನೆಯದು ಕೆಲಕಾಲ ಇರಲಿ. ಐದು ವರ್ಷ ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ನಿಗದಿತ ರಾಯಲ್ಟಿ ಕೊಟ್ಟು ಯಾರು ಬೇಕಾದರೂ ಅಚ್ಚು ಹಾಕುವಂತಿರಲಿ. ಹನ್ನೊಂದು ಜನರಲ್ಲಿ ಒಬ್ಬ ಸೋಮಾರಿಯಾದರೂ ಪುಸ್ತಕ ಸಾಯಬಾರದು.

ಕೊನೆಗೂ ಸಹಿ ಹಾಕಿ ಕಳಿಸಿದೆ. ಪ್ರತಿಗಳು ಮುಗಿದರೆ ಕಥೆಗಳನ್ನು ವಿಕಿಸೋರ್ಸ್‌ಗೆ ಕೊಡೋಣ ಎಂದು ಚೀಟಿಯನ್ನೂ ಇಟ್ಟಿದ್ದೇನೆ. ‘ಉಳಿದ ಹತ್ತು ಜನರನ್ನು ನೀನೇ ಒಪ್ಪಿಸು ಮಾರಾಯ’ ಎಂದಿದ್ದಾರೆ ಭಾವ.