ಮುಖಪುಟದಲ್ಲಿಲ್ಲದ ಹೆಸರು

ಅದು 1970ರ ದಶಕದ ಮಧ್ಯಭಾಗ; ನಾನಾಗ ಪದವಿಪೂರ್ವ ತರಗತಿಯ ವಿದ್ಯಾರ್ಥಿ. ಗಾಂಧಿಬಜಾರಿನ ಆಸುಪಾಸಿನ ಬಾಡಿಗೆ ಪುಸ್ತಕಾಲಯವೊಂದರಿಂದ ದಿನಕ್ಕೆ ನಾಲ್ಕಾಣೆ ತೆತ್ತು ತರುತ್ತಿದ್ದ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಮಾಲಿಕೆಗಾಗಿ ನಮ್ಮಲ್ಲಿ ಪೈಪೋಟಿಯೇ ಇತ್ತು. ಮುಖಪುಟದಲ್ಲಿ ಚಿಂದಿಯಾದ ಅಂಗಿ ತೊಟ್ಟ, ಕಂಚಿನ ಮೈಬಣ್ಣದ ಆಜಾನುಬಾಹು. ಅವನ ಹೆಸರು ಡಾಕ್ ಸ್ಯಾವೇಜ್. ಲೇಖಕನ ಹೆಸರು ಕೆನೆತ್ ರೋಬ್ಸನ್. ನ್ಯೂಯಾರ್ಕಿನ ಯಾವುದೋ ಮನೆಯಲ್ಲಿ ಕುಳಿತು ಈ ಮಹಾಶಯ ನಮಗಾಗಿಯೇ ಕಥೆ ಹೊಸೆಯುತ್ತಿದ್ದಾನೆಂದು ನಾನು ದೃಢವಾಗಿ ನಂಬಿದ್ದೆ. ಆ ಹೆಸರಿನ ಲೇಖಕನೇ ಇರಲಿಲ್ಲವೆಂದೂ, ನಾನು ಓದುತ್ತಿದ್ದುದು ನನ್ನ ತಂದೆಯ ಬಾಲ್ಯಕಾಲದ ಕಥೆಗಳ ಮರುಮುದ್ರಣವೆಂದೂ ತಿಳಿದದ್ದು ನಿವೃತ್ತಿಯ ನಂತರ. ಅಮೆರಿಕದಲ್ಲಿರುವ ತಂಗಿಯ ಮಗ ಅವೇ ಕಥೆಗಳ ಇನ್ನೊಂದು ಮರುಮುದ್ರಣವನ್ನು ತಂದುಕೊಟ್ಟಾಗ.

ಈ ಕಥೆಗಳ ತವರು ಅಮೆರಿಕದ 'ಪಲ್ಪ್' ಪತ್ರಿಕೆಗಳು. ಮರದ ತಿರುಳಿನ ಒರಟು ಕಾಗದ, ಹತ್ತು ಸೆಂಟ್ ಬೆಲೆ, ಓದಿ ಎಸೆಯುವ ಸರಕು. ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ಈ ವ್ಯಾಪಾರದಲ್ಲಿ ಪಳಗಿದ್ದಿತು. ತನ್ನ ಪತ್ತೇದಾರಿ ಪತ್ರಿಕೆಯ ಪ್ರಚಾರಕ್ಕೆಂದು 1930ರಲ್ಲಿ ಅದು ರೇಡಿಯೋ ಕಾರ್ಯಕ್ರಮವೊಂದನ್ನು ಆರಂಭಿಸಿತು. ಕಥೆ ನಿರೂಪಿಸುತ್ತಿದ್ದ 'ಶ್ಯಾಡೋ' ಎಂಬ ನಿಗೂಢ ಧ್ವನಿ ಎಷ್ಟು ಜನಪ್ರಿಯವಾಯಿತೆಂದರೆ, ಗ್ರಾಹಕರು ಅಂಗಡಿಗಳಿಗೆ ಹೋಗಿ ಇಲ್ಲದ 'ಶ್ಯಾಡೋ' ಪತ್ರಿಕೆಯನ್ನು ಕೇಳತೊಡಗಿದರು. ಸರಕಿಗಿಂತ ಮೊದಲೇ ಬೇಡಿಕೆ ಹುಟ್ಟಿದ ಈ ಪ್ರಸಂಗ ಅರ್ಥಶಾಸ್ತ್ರದ ತರಗತಿಗೆ ತಕ್ಕ ಉದಾಹರಣೆ. 1931ರಲ್ಲಿ ಪತ್ರಿಕೆ ಹೊರಬಂದಿತು. ಆ ನಾಯಕನ 325 ಕಾದಂಬರಿಗಳಲ್ಲಿ 282ನ್ನು ಬರೆದವರು ವಾಲ್ಟರ್ ಗಿಬ್ಸನ್; ಅಚ್ಚಾದ ಹೆಸರು ಮಾತ್ರ ಮ್ಯಾಕ್ಸ್‌ವೆಲ್ ಗ್ರಾಂಟ್. ಅದರ ಯಶಸ್ಸಿನ ಬೆನ್ನಲ್ಲೇ 1933ರ ಮಾರ್ಚ್ ಸಂಚಿಕೆಯೊಂದಿಗೆ ಡಾಕ್ ಸ್ಯಾವೇಜ್ ಬಂದ. 1949ರಲ್ಲಿ ಪತ್ರಿಕೆ ನಿಲ್ಲುವ ಹೊತ್ತಿಗೆ ಅವನ ಸಾಹಸಗಳ ಸಂಖ್ಯೆ 181.

ಕಲ್ಪಿತ ಲೇಖಕನಾಮವನ್ನು ಸಂಸ್ಥೆಯೇ ಇಟ್ಟುಕೊಳ್ಳುವುದರಲ್ಲಿ ಲೆಕ್ಕಾಚಾರವಿತ್ತು. ಬರೆಯುವವನು ಕಾಯಿಲೆ ಬಿದ್ದರೂ, ಹೆಚ್ಚಿನ ಸಂಭಾವನೆಗೆ ಪಟ್ಟು ಹಿಡಿದರೂ, ಬಿಟ್ಟೇ ಹೋದರೂ ಇನ್ನೊಬ್ಬನನ್ನು ಕೂರಿಸಿದರಾಯಿತು. ಓದುಗನಿಗೆ ಸುಳಿವೇ ಸಿಗದು. ಮೊದಲ ಸಂಚಿಕೆಯಲ್ಲಿ ಅಚ್ಚಾಗಿದ್ದ ಹೆಸರು ಕೆನೆತ್ ರಾಬರ್ಟ್ಸ್. ಆ ಹೆಸರಿನ ಪ್ರಸಿದ್ಧ ಕಾದಂಬರಿಕಾರರು ನಿಜವಾಗಿಯೇ ಇದ್ದುದರಿಂದ ಮುಂದೆ ಅದು ರೋಬ್ಸನ್ ಆಯಿತು. ಇಲ್ಲದ ಲೇಖಕನಿಗೂ ನಾಮಕರಣವನ್ನು ಎರಡು ಬಾರಿ ಮಾಡಬೇಕಾಯಿತು!

ಹೆಚ್ಚಿನ ಕಥೆಗಳನ್ನು ಬರೆದವರು ಲೆಸ್ಟರ್ ಡೆಂಟ್. 1904ರಲ್ಲಿ ಮಿಸೌರಿ ರಾಜ್ಯದ ಲಾ ಪ್ಲಾಟಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಟಲ್ಸಾ ನಗರದಲ್ಲಿ ಸುದ್ದಿಸಂಸ್ಥೆಯೊಂದರ ತಂತಿ ವಿಭಾಗದಲ್ಲಿ ದುಡಿಯುತ್ತ ಕಥೆ ಬರೆಯಲಾರಂಭಿಸಿದವರು. ಆರಂಭದಲ್ಲಿ ಒಂದು ಕಾದಂಬರಿಗೆ 500 ಡಾಲರ್. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಅದು ಕಡಿಮೆ ಹಣವಲ್ಲ. ಆದರೆ ನಾಯಕನೂ ಕಥೆಯೂ ಸಂಸ್ಥೆಯ ಸ್ವತ್ತು.

ಕಥೆಗಳು ಹೇಗಿದ್ದವು? ಅಳುಕಿಲ್ಲದೆ ಹೇಳಬೇಕೆಂದರೆ, ಭಾಷೆ ಒರಟು, ಪಾತ್ರಗಳು ಚಪ್ಪಟೆ, ವೇಗ ಮಾತ್ರ ಅಸಾಧಾರಣ. ಗಗನಚುಂಬಿ ಕಟ್ಟಡದ 86ನೇ ಮಹಡಿಯಲ್ಲಿ ಕಚೇರಿ, ಐವರು ಸಹಾಯಕರು, ಉತ್ತರಧ್ರುವದ ಸೀಮೆಯಲ್ಲಿ ಏಕಾಂತ ಸಾಧನೆಗೊಂದು ಕೋಟೆ. ಡಾಕ್‌ನ ನಿಜವಾದ ಹೆಸರು ಕ್ಲಾರ್ಕ್. ಈ ಹೆಸರೂ ಆ ಕೋಟೆಯೂ ಮುಂದೆ ಸೂಪರ್‌ಮ್ಯಾನ್ ಕಥೆಗಳಲ್ಲಿ ಕಾಣಿಸಿಕೊಂಡದ್ದನ್ನು ಬಲ್ಲವರು ಬಲ್ಲರು. ಅವನ ಖರ್ಚಿಗೆ ಮಧ್ಯ ಅಮೆರಿಕದ ಕಣಿವೆಯೊಂದರಿಂದ ಮಾಯಾ ಜನರು ಕಳುಹಿಸುವ ಚಿನ್ನ. ರೂಸ್‌ವೆಲ್ಟರು ಅಮೆರಿಕದ ಪ್ರಜೆಗಳು ಚಿನ್ನ ಕೂಡಿಡುವುದನ್ನು ನಿಷೇಧಿಸಿದ್ದು 1933ರ ಏಪ್ರಿಲ್‌ನಲ್ಲಿ, ಅಂದರೆ ಡಾಕ್ ಅವತರಿಸಿದ ಬೆನ್ನಿಗೆ. ನಾಯಕ ಆದೇಶ ಪಾಲಿಸಿದನೇ ಎಂಬ ಸಂಶಯ ನನ್ನಂಥ ಹಳೆಯ ಅಧಿಕಾರಿಗೆ ಬಾರದಿರದು. ನಗೆಯಾಡಲಾಗದ ಸಂಗತಿಯೂ ಒಂದಿದೆ. ಸೆರೆಸಿಕ್ಕ ದುಷ್ಟರನ್ನು ಅವನು ನ್ಯಾಯಾಲಯಕ್ಕೆ ಒಪ್ಪಿಸುವುದಿಲ್ಲ. ಗುಪ್ತ ಆಸ್ಪತ್ರೆಗೆ ಸಾಗಿಸಿ, ಮಿದುಳಿನ ಶಸ್ತ್ರಚಿಕಿತ್ಸೆಯಿಂದ ಹಿಂದಿನ ನೆನಪನ್ನೇ ಅಳಿಸಿಬಿಡುತ್ತಾನೆ. ಹದಿನಾರರ ವಯಸ್ಸಿನಲ್ಲಿ ಅದು ದಯೆಯಂತೆ ಕಂಡಿತ್ತು. ಈಗ ಮತ್ತೆ ಓದಿದಾಗ ಆ ಪುಟದಲ್ಲಿಯೇ ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

1964ರಲ್ಲಿ ಬ್ಯಾಂಟಮ್ ಸಂಸ್ಥೆ ಈ ಕಥೆಗಳನ್ನು ಅಗ್ಗದ ಕಿರುಹೊತ್ತಗೆಗಳಾಗಿ ಮರುಮುದ್ರಿಸಲಾರಂಭಿಸಿತು. ಜೇಮ್ಸ್ ಬಾಮಾ ಎಂಬ ಕಲಾವಿದರು ಸ್ಟೀವ್ ಹಾಲೆಂಡ್ ಎಂಬ ರೂಪದರ್ಶಿಯನ್ನು ಕೂರಿಸಿಕೊಂಡು ಬರೆದ ಮುಖಪುಟಗಳೇ ಅರ್ಧ ವ್ಯಾಪಾರ ಮಾಡಿದವೆಂದರೆ ತಪ್ಪಾಗದು. ಗಾಂಧಿಬಜಾರಿನಲ್ಲಿ ನಾನು ಮರುಳಾದದ್ದೂ ಅವಕ್ಕೇ. 1990ರ ವೇಳೆಗೆ ಎಲ್ಲ 181 ಕಥೆಗಳೂ, ಪತ್ರಿಕೆಯಲ್ಲಿ ಬೆಳಕು ಕಾಣದೆ ಉಳಿದಿದ್ದ ಇನ್ನೊಂದೂ ಅಚ್ಚಾದವು. ಒಂದು ಪ್ರಕಾಶನ ಕಾಲು ಶತಮಾನ ಕಾಲ ಪಟ್ಟು ಬಿಡದೆ ನಡೆಸಿದ ಈ ಕೆಲಸ ಮೆಚ್ಚತಕ್ಕದ್ದೇ. ಆದರೆ ಮುಖಪುಟದಲ್ಲಿದ್ದ ಹೆಸರು ಅದೇ ಕೆನೆತ್ ರೋಬ್ಸನ್. ಡೆಂಟ್ 1959ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಕಥೆಗಳು ಹೊಸ ತಲೆಮಾರಿನ ಕೈ ಸೇರಿದ್ದನ್ನು ಅವರು ನೋಡಲಿಲ್ಲ. ಸೇರಿಸಿಕೊಂಡ ನಾವು ಅವರನ್ನು ಅರಿಯಲಿಲ್ಲ.

ರೂಪಾಂತರಗಳ ಕಥೆ ಬೇರೆ. 1975ರಲ್ಲಿ ಜಾರ್ಜ್ ಪಾಲ್ ನಿರ್ಮಿಸಿದ ಚಲನಚಿತ್ರದಲ್ಲಿ ರಾನ್ ಈಲಿ ಡಾಕ್ ಆದರು. ಕಥೆಯನ್ನು ನಂಬುವ ಧೈರ್ಯವಿಲ್ಲದೆ ಅದನ್ನು ಅಣಕಿಸುತ್ತ ಹೋದ ಆ ಚಿತ್ರ ಸೋತಿತು. ಕೊನೆಯಲ್ಲಿ ಘೋಷಿಸಿದ್ದ ಮುಂದಿನ ಭಾಗ ಬರಲೇ ಇಲ್ಲ. 'ಶ್ಯಾಡೋ'ಗೆ ಅಲೆಕ್ ಬಾಲ್ಡ್‌ವಿನ್ ನಟಿಸಿದ 1994ರ ಚಿತ್ರವೂ ಹೊಸ ಬದುಕು ಕೊಡಲಿಲ್ಲ. ಈಚೆಗೆ ಜೇಮ್ಸ್ ಪ್ಯಾಟರ್ಸನ್ ಸಹಲೇಖಕರೊಡನೆ 2021ರಲ್ಲಿ ಶ್ಯಾಡೋವನ್ನು ಭವಿಷ್ಯಕಾಲಕ್ಕೆ ಕರೆದೊಯ್ದರು. 2022ರಲ್ಲಿ ಡಾಕ್ ಸ್ಯಾವೇಜನ ವಂಶಸ್ಥನೊಬ್ಬನನ್ನು ನಾಯಕನನ್ನಾಗಿಸಿದರು. ಇದರಲ್ಲಿ ಅಪರಾಧವೇನೂ ಇಲ್ಲ. ಆದರೆ ರೂಪಾಂತರಕ್ಕೆ ಬೇಕಾಗುವುದು ನಾಯಕನ ಹೆಸರು, ಅಂದರೆ ಸಂಸ್ಥೆಯ ಸ್ವತ್ತು. ಬರೆದವನ ವಾಕ್ಯಗಳು ಬೇಕಾಗುವುದು ಮರುಮುದ್ರಣಕ್ಕೆ ಮಾತ್ರ. ಆದ್ದರಿಂದಲೇ ನನ್ನ ಒಲವು ಎರಡನೆಯದರ ಕಡೆಗೆ.

ತಂಗಿಯ ಮಗ ತಂದ ಪುಸ್ತಕ 2006ರಲ್ಲಿ ಆರಂಭವಾದ ಮಾಲಿಕೆಯದು. ಸಂಗ್ರಾಹಕ ಆಂಥೊನಿ ಟಾಲಿನ್ ಹೊರತಂದ ಈ ಸಂಪುಟಗಳು ಪಲ್ಪ್ ಪತ್ರಿಕೆಯಷ್ಟೇ ಅಗಲ. ಒಂದೊಂದರಲ್ಲಿ ಸಾಮಾನ್ಯವಾಗಿ ಎರಡು ಕಾದಂಬರಿ, ಮೂಲ ಚಿತ್ರಗಳು, ವಿಲ್ ಮರ್ರೆಯವರ ಚಾರಿತ್ರಿಕ ಟಿಪ್ಪಣಿ. ಅಲ್ಲಿ, ಕೆನೆತ್ ರೋಬ್ಸನ್ ಎಂಬ ಹೆಸರಿನಲ್ಲಿ ಬರೆದವರು ಲೆಸ್ಟರ್ ಡೆಂಟ್ ಎಂದು ಕಂಡಾಗ ನನಗಾದದ್ದು ಅಚ್ಚರಿಯಲ್ಲ, ಸಂಕೋಚ. ಐದು ದಶಕ ಕಾಲ ತಪ್ಪು ವಿಳಾಸಕ್ಕೆ ಕೃತಜ್ಞನಾಗಿದ್ದೆನಲ್ಲ!

ಈ ಸಂಕೋಚಕ್ಕೆ ನನ್ನ ವೃತ್ತಿಯೂ ಕಾರಣವಿದ್ದೀತು. ಕರಡು ನಮ್ಮದು, ಸಹಿ ಇನ್ನೊಬ್ಬರದು, ಆದೇಶ ರಾಜ್ಯಪಾಲರ ಹೆಸರಿನಲ್ಲಿ. ಒಮ್ಮೆ ಇಲಾಖೆಯೊಂದರಲ್ಲಿ ಬರಪರಿಹಾರದ ಕೈಪಿಡಿಯನ್ನು ಎರಡು ವರ್ಷ ಕೂತು ಸಿದ್ಧಪಡಿಸಿದ್ದೆ. ಅದು ಅನೇಕ ಬಾರಿ ಮರುಮುದ್ರಣಗೊಂಡಿತು. ಪ್ರತಿ ಬಾರಿಯೂ ಮುನ್ನುಡಿಯ ಕೆಳಗೆ ಆಯಾ ಕಾಲದ ಹಿರಿಯರ ಹೆಸರಿತ್ತು, ನನ್ನದೂ ನನ್ನ ಇಬ್ಬರು ಸಹಾಯಕರದೂ ಎಲ್ಲಿಯೂ ಇರಲಿಲ್ಲ. ಸಂಬಳ ಪಡೆದವನಿಗೆ ಹೆಸರೂ ಬೇಕೇ ಎಂದು ಆಗ ಸಮಾಧಾನ ಮಾಡಿಕೊಂಡೆ. ಸರ್ಕಾರಿ ಆದೇಶಕ್ಕೆ ಆ ವಾದ ಸರಿ. ಅಲ್ಲಿ ಹೊಣೆ ಸರ್ಕಾರದ್ದು. ಕೈಪಿಡಿಗೆ ಅಷ್ಟೇ ಸರಿಯೇ ಎಂಬ ಅನುಮಾನ ಈಗಲೂ ಇದೆ. ಕಥೆಗಂತೂ ಸಲ್ಲದು.

ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯನ್ನು 1959ರಲ್ಲಿ ಕಾಂಡೆ ನಾಸ್ಟ್ ಕೊಂಡಿತು. ಡೆಂಟ್ ತೀರಿಕೊಂಡದ್ದೂ ಅದೇ ವರ್ಷ. ಅಮೆರಿಕದ ಕಾನೂನಿನಂತೆ ಇಂಥ ಕೃತಿಗಳ ಹಕ್ಕುಸ್ವಾಮ್ಯ ಪ್ರಕಟಣೆಯಿಂದ ಹೆಚ್ಚೆಂದರೆ 95 ವರ್ಷ. ಹಾಗಾಗಿ 1933ರ ಕಥೆಗಳು 2029ರ ಜನವರಿ 1ಕ್ಕೆ ಸಾರ್ವಜನಿಕರ ಸ್ವತ್ತಾಗುತ್ತವೆ. ವಾಣಿಜ್ಯ ಮುದ್ರೆಯಾಗಿ ನಾಯಕನ ಹೆಸರಿನ ಮೇಲಿರುವ ಹಿಡಿತ ಬೇರೆಯದೇ ಕಾನೂನಿನ ವಿಷಯ; ಅದಕ್ಕೆ ಈ ಗಡುವಿಲ್ಲ. ಆಮೇಲೆ ಯಾರು ಬೇಕಾದರೂ ಈ ಕಥೆಗಳನ್ನು ಅಚ್ಚು ಹಾಕಬಹುದು. ಹಾಕುವವರು ಮುಖಪುಟದಲ್ಲಿ ಯಾವ ಹೆಸರು ಇಡುತ್ತಾರೆಂದು ನೋಡಬೇಕು.