ಪಾಪನಪಲ್ಲಿಯ ಮಾವು

ಮಕ್ಕಳೇ, ಪಾಪನಪಲ್ಲಿ ಎಲ್ಲಿದೆ ಹೇಳಿ? ನಿಮ್ಮ ತಾತನಿಗೂ ಗೊತ್ತಿರಲಿಕ್ಕಿಲ್ಲ. ಅದು ಶ್ರೀನಿವಾಸಪುರದ ಹಳೆಯ ಹೆಸರು. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರು. ಈಗ ಆ ಹೆಸರು ಕೇಳಿದರೆ ದಿವಾನರ ಮಗನ ನೆನಪು ಯಾರಿಗೂ ಬರುವುದಿಲ್ಲ, ಮಾವು ನೆನಪಾಗುತ್ತದೆ.

ನಮ್ಮ ಕ್ಯಾಲನೂರು ಕೋಲಾರ ತಾಲ್ಲೂಕಿನದು, ಶ್ರೀನಿವಾಸಪುರ ಪಕ್ಕದ ತಾಲ್ಲೂಕು. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿ ಇಲ್ಲ. ಕೆರೆ ತುಂಬಿದರೆ ಭತ್ತ, ಇಲ್ಲವಾದರೆ ರಾಗಿ. ಮಾವಿನ ಮರವಾದರೋ ಬೇರೂರಿದ ಮೇಲೆ ಮಳೆ ಕೈಕೊಟ್ಟರೂ ಹಸಿರಾಗಿ ನಿಲ್ಲುತ್ತದೆ. ಕೆಂಪು ಮಣ್ಣಿನ ಒಣ ಹೊಲಗಳೆಲ್ಲ ತೋಪುಗಳಾದದ್ದು ಅದಕ್ಕೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲದ ಕಂತು ಕೇಳಿದರೆ ರೈತರು, "ಕಾಯಿ ಇಳಿಸಿದ ಮೇಲೆ ಕಟ್ತೀನಿ ಸ್ವಾಮಿ" ಅನ್ನುತ್ತಿದ್ದರು. ಮದುವೆಯ ದಿನ ನಿಶ್ಚಯ, ಮನೆಗೆ ಸುಣ್ಣ, ಮಗನ ಕಾಲೇಜು ಫೀಸು ಎಲ್ಲವೂ ಕಾಯಿ ಇಳಿಸಿದ ಮೇಲೆಯೇ. ಕೆಲವರು ಮರ ಹೂ ಬಿಟ್ಟಾಗಲೇ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುತ್ತಿದ್ದರು. ಆಮೇಲೆ ಆಲಿಕಲ್ಲು ಬಿದ್ದರೆ ನಷ್ಟ ವ್ಯಾಪಾರಿಯದು, ಫಸಲು ಹುಲುಸಾಗಿ ಬಂದರೆ ಲಾಭವೂ ಅವನದೇ.

ಇಲ್ಲಿನ ಮರಗಳು ಹೆಚ್ಚಾಗಿ ಕಸಿಯವು. ನಾಟಿ ಮಾವಿನ ಗೊರಟೆ ಊರಿ ಸಸಿ ಬೆಳೆಸುತ್ತಾರೆ. ಅದರ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಅದರಲ್ಲಿ ಸಿಕ್ಕಿಸಿ ಬಿಗಿಯಾಗಿ ಸುತ್ತುತ್ತಾರೆ. ಬೇರು ನಾಟಿಯದು, ಹಣ್ಣು ರಸಪುರಿಯದು! ಹೊಗಳಗೆರೆಯ ತೋಟಗಾರಿಕೆ ಫಾರಂ ಇದೇ ತಾಲ್ಲೂಕಿನಲ್ಲಿದೆ. ಅಜ್ಜ ಅಜ್ಜಿಯ ಜೊತೆ ಒಮ್ಮೆ ಹೋಗಿ ನೋಡಿ.

ಬಾದಾಮಿ, ರಸಪುರಿ, ಮಲ್ಲಿಕಾ, ಸೇಂದೂರ, ನೀಲಂ ಎಲ್ಲವೂ ಇಲ್ಲಿವೆ. ಊರಿನ ಸಂಸಾರ ತೂಗಿಸುವುದು ಮಾತ್ರ ತೋತಾಪುರಿ. ತುದಿ ಗಿಣಿಯ ಕೊಕ್ಕಿನಂತೆ ಬಾಗಿರುವುದರಿಂದ ಆ ಹೆಸರು. ಉಪ್ಪು ಖಾರ ಹಚ್ಚಿ ತಿನ್ನಲು ಅದಕ್ಕಿಂತ ಒಳ್ಳೆಯ ಕಾಯಿ ಇಲ್ಲ ಎಂಬುದು ನನ್ನ ಅಭಿಪ್ರಾಯ, ನನ್ನಾಕೆ ಒಪ್ಪುವುದಿಲ್ಲ. ನೀವು ಕುಡಿಯುವ ಬಾಟಲಿಯ ಮಾವಿನ ರಸಕ್ಕೂ ಬಹಳ ಮಟ್ಟಿಗೆ ಇದರ ತಿರುಳೇ ಆಧಾರ.

ತೊಡಕು ಇರುವುದೂ ಅಲ್ಲೇ. ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಗಡಿಯಾಚೆ, ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿವೆ. ನಮ್ಮಲ್ಲಿ ಮನೆಮಾತು ತೆಲುಗಾದವರು ಎಷ್ಟೋ ಜನ. ಕೊಳ್ಳುವವರು ಮಾರುವವರ ನಡುವೆ ಗಡಿಯೆಂಬುದು ಅಷ್ಟಾಗಿ ಕಾಣುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಕಂಡಿತು. ಹೊರರಾಜ್ಯದ ತೋತಾಪುರಿ ಬರಕೂಡದೆಂದು ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಮೊದಲೇ ಕುಸಿದಿದ್ದ ಬೆಲೆ ಇನ್ನೂ ಇಳಿಯಿತು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್ನಿಗೆ ನೆರವು ಕೊಡಲು ಒಪ್ಪಿತು.

ಕಿಲೋಗೆ ಹದಿನಾರು ರೂಪಾಯಿ ಹದಿನಾರು ಪೈಸೆ. ಅದರಲ್ಲಿ ಔಷಧಿ ಸಿಂಪಡಣೆ, ಕಾಯಿ ಕೀಳುವ ಕೂಲಿ, ಟೆಂಪೋ ಬಾಡಿಗೆ ಎಲ್ಲ ಕಳೆಯಬೇಕು. ಲೆಕ್ಕದಲ್ಲಿ ಜಾಣರಾದ ಮಕ್ಕಳು ಪರಿಚಯದ ತೋಟದವರೊಬ್ಬರನ್ನು ಖರ್ಚು ಕೇಳಿ, ಕಳೆದು, ಉಳಿದದ್ದನ್ನು ತಾತನಿಗೆ ತೋರಿಸಿ.